ಓಮ್ನಿ ಬರುವ ಮೊದಲು

ಜುಲೈ ಕೊನೆಯ ಒಂದು ಸಂಜೆ, ಮಳೆ ಹಿಡಿದು ಬಿಡದೆ ಸುರಿಯುತ್ತಿದ್ದಾಗ, ಕಾಪು ಪೇಟೆಯ ನನ್ನ ಆಫೀಸಿಗೆ ಒಬ್ಬ ಹೆಂಗಸು ಬಂದರು. ಸೆರಗಿನ ಮರೆಯಿಂದ ಪ್ಲಾಸ್ಟಿಕ್ ತೊಟ್ಟೆ ತೆಗೆದು, ಅದರೊಳಗಿನ ಮೂರು ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ಒಂದು, ಸೊಸೈಟಿಯಲ್ಲಿ ಸರ ಅಡವಿಟ್ಟ ಚೀಟಿ. ಇನ್ನೊಂದು, 60,000 ರೂಪಾಯಿಯ ರಶೀದಿ. ಮೂರನೆಯದು, ಅವರೇ ಸಹಿ ಹಾಕಿಕೊಟ್ಟ ಒಪ್ಪಿಗೆ ಪತ್ರದ ಜೆರಾಕ್ಸ್. "ಸರ್, ದುಡ್ಡು ಹೋದರೆ ಹೋಗಲಿ. ಇವರು ಈಗ ನನ್ನ ಹತ್ತಿರ ಮಾತೇ ಆಡುವುದಿಲ್ಲ" ಎಂದರು.

ಗಂಡ ಮಲ್ಪೆಯಿಂದ ಪರ್ಸೀನ್ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ರಜೆಯಲ್ಲಿ ಅವರ ಕುಡಿತ ಬೆಳಿಗ್ಗೆಯೇ ಶುರುವಾಗುತ್ತಿತ್ತು. ನೆಂಟರೊಬ್ಬರು ಹೊರಜಿಲ್ಲೆಯ ಒಂದು 'ವ್ಯಸನಮುಕ್ತಿ ಕೇಂದ್ರ'ದ ನಂಬರ್ ಕೊಟ್ಟರು. ಮೂರು ತಿಂಗಳ ಹಣ ಮುಂಗಡ. ರಾತ್ರಿ ಹತ್ತೂವರೆಗೆ ಓಮ್ನಿ ಬಂತು, ನಾಲ್ವರು ಇಳಿದರು, ಅಮಲಿನಲ್ಲಿ ಮಲಗಿದ್ದವರನ್ನು ಎತ್ತಿ ಒಳಗೆ ಹಾಕಿಕೊಂಡು ಹೋದರು. ಮೂರನೆಯ ದಿನ ಅವರಿಗೆ ಫಿಟ್ಸ್ ಬಂತು. ಅಲ್ಲಿ ವೈದ್ಯರೇ ಇರಲಿಲ್ಲ. ಯಾವುದೋ ಆಸ್ಪತ್ರೆಗೆ ಸೇರಿಸಿ, ಬಿಲ್ ಕಟ್ಟಲು ಮನೆಗೆ ಫೋನ್ ಮಾಡಿದರು. ಮುಂಗಡ ವಾಪಸ್ ಕೇಳಿದಾಗ ಒಪ್ಪಿಗೆ ಪತ್ರ ತೋರಿಸಿದರು: ನೀವೇ ಸಹಿ ಹಾಕಿದ್ದೀರಲ್ಲ.

ಇಂಥ ತೊಟ್ಟೆಗಳು ನನ್ನ ಮೇಜಿನ ಮೇಲೆ ಬಿಚ್ಚಿದ್ದು ಇದೇ ಮೊದಲಲ್ಲ. ಆದ್ದರಿಂದ ಒಂದು ಮಾತನ್ನು ಎಲ್ಲಕ್ಕಿಂತ ಮೊದಲು ಬರೆಯುತ್ತೇನೆ. ಹೆಂಡತಿಯ ಸಹಿಯಿಂದ ಗಂಡನನ್ನು ಬೀಗ ಹಾಕಿ ಇಡುವ ಅಧಿಕಾರ ಯಾರಿಗೂ ಬರುವುದಿಲ್ಲ. ತಾಯಿಯ ಸಹಿಯಿಂದ ಬೆಳೆದ ಮಗನನ್ನೂ ಇಡುವಂತಿಲ್ಲ. ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದರೂ ಅಷ್ಟೆ.

ಕಾನೂನು ಇದನ್ನು ಗೊಂದಲವಿಲ್ಲದೆ ಹೇಳಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಹಾಗಾಗಿ ಕುಡಿತ ಬಿಡಿಸಲು ಜನರನ್ನು ಒಳಗೆ ಇರಿಸಿಕೊಳ್ಳುವ ಕೇಂದ್ರ ಆಶ್ರಮ ಎಂದು ಬೋರ್ಡು ಹಾಕಲಿ, ಟ್ರಸ್ಟ್ ಎಂದು ಹಾಕಲಿ, ಈ ಕಾಯ್ದೆಯಡಿ ನೋಂದಣಿ ಆಗಲೇಬೇಕು. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೆ 5,000ದಿಂದ 50,000 ರೂಪಾಯಿವರೆಗೆ ದಂಡ, ಎರಡನೆಯ ಸಲ 2 ಲಕ್ಷದವರೆಗೆ, ಆಮೇಲೆ 5 ಲಕ್ಷದವರೆಗೆ. ಒಬ್ಬ ರೋಗಿಯಿಂದಲೇ 60,000 ಕೀಳುವವರಿಗೆ ಮೊದಲ ದಂಡ ಯಾವ ಲೆಕ್ಕ? ತಪಾಸಣೆಗೆ ಹೋಗಬೇಕಾದ ಇಲಾಖೆಯವರು ದೂರು ಬಂದ ಮೇಲೂ "ಪರಿಶೀಲಿಸುತ್ತೇವೆ" ಎಂದು ತಿಂಗಳು ತಳ್ಳುವುದನ್ನು ನೋಡಿ ನೋಡಿ ನನಗೆ ತಾಳ್ಮೆ ಉಳಿದಿಲ್ಲ.

ಆದ್ದರಿಂದ ಫೋನಿನಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಹಣ, ಎಷ್ಟು ದಿನ ಎಂದಲ್ಲ. "ಮಾನಸಿಕ ಆರೋಗ್ಯ ಕಾಯ್ದೆಯ ನೋಂದಣಿ ಪ್ರಮಾಣಪತ್ರದ ಫೋಟೋ ವಾಟ್ಸಾಪ್ ಮಾಡಿ" ಎಂದು ಕೇಳಿ. ಇಲ್ಲೇ ಜನ ಮೋಸ ಹೋಗುವುದು. ಪ್ರಮಾಣಪತ್ರ ಎಂದು ಕಳಿಸುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಪತ್ರ. ಇಲ್ಲವೇ ಆದಾಯ ತೆರಿಗೆಯ 80ಜಿ, ಐಎಸ್‌ಒ, ಉದ್ಯಮ್ ನೋಂದಣಿ. ಎಲ್ಲದರಲ್ಲೂ ಸೀಲು ಇರುತ್ತದೆ, ಕೆಲವದರಲ್ಲಿ ಸಿಂಹಲಾಂಛನವೂ ಇರುತ್ತದೆ. ಯಾವುದರಿಂದಲೂ ರೋಗಿಯನ್ನು ಇಟ್ಟುಕೊಳ್ಳುವ ಅಧಿಕಾರ ಬರುವುದಿಲ್ಲ. ನಿಮಗೆ ಬೇಕಾದದ್ದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಹೆಸರಿರುವ ಪ್ರಮಾಣಪತ್ರ. ಅದರಲ್ಲಿ ದಿನಾಂಕ ನೋಡಿ. ತಾತ್ಕಾಲಿಕ ನೋಂದಣಿಯ ಆಯುಷ್ಯ 12 ತಿಂಗಳು ಮಾತ್ರ. ವಿಳಾಸ ನೋಡಿ, ಒಂದು ಕಟ್ಟಡದ ಕಾಗದ ತೋರಿಸಿ ಇನ್ನೊಂದು ಕಟ್ಟಡದಲ್ಲಿ ಇಡುವುದೂ ಉಂಟು. ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್ ಆದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ಕೆಪಿಎಂಇ ನಂಬರೂ ಇರಬೇಕು.

ಹಾಗಾದರೆ ಬರಲೊಪ್ಪದವರನ್ನು ಏನು ಮಾಡುವುದು? ಎಲ್ಲರೂ ಕೇಳುವ ಪ್ರಶ್ನೆ ಇದು, ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಕಾಯ್ದೆಯ 89ನೇ ಕಲಮಿನಲ್ಲಿ ಒಂದು ದಾರಿ ಇದೆ. ಹೆಂಡತಿ ಅಥವಾ ಹತ್ತಿರದ ಸಂಬಂಧಿ ಪ್ರತಿನಿಧಿಯಾಗಿ ಅರ್ಜಿ ಕೊಡಬಹುದು, ಅಷ್ಟೆ. ತೀರ್ಮಾನ ಅವರದಲ್ಲ. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು, ಇಬ್ಬರೂ ಬೇರೆಬೇರೆಯಾಗಿ ಹಿಂದಿನ 7 ದಿನಗಳೊಳಗೆ ರೋಗಿಯನ್ನು ಪರೀಕ್ಷಿಸಿರಬೇಕು. ತನಗೇ ಹಾನಿ ಮಾಡಿಕೊಳ್ಳಲು ಹೊರಟಿದ್ದಾರೆ, ಇತರರ ಮೇಲೆ ಕೈ ಮಾಡುತ್ತಿದ್ದಾರೆ ಅಥವಾ ಅಪಾಯವಾಗುವಷ್ಟು ತಮ್ಮನ್ನೇ ನೋಡಿಕೊಳ್ಳಲಾರರು ಎಂದು ಇಬ್ಬರೂ ಒಪ್ಪಬೇಕು. ಹಾಗೆ ಸೇರಿಸಿದರೂ ಈ ಕಲಮಿನಡಿ ಗರಿಷ್ಠ 30 ದಿನ. ಆಸ್ಪತ್ರೆ ಇದನ್ನು 7 ದಿನದೊಳಗೆ, ಹೆಂಗಸರು ಮತ್ತು ಅಪ್ರಾಪ್ತ ವಯಸ್ಸಿನವರಾದರೆ 3 ದಿನದೊಳಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಸಂಬಳವೆಲ್ಲ ಬಾರಿಗೆ ಸುರಿಯುತ್ತಾರೆ ಎಂಬುದೊಂದೇ ಕಾರಣ ಇದಕ್ಕೆ ಸಾಲುವುದಿಲ್ಲ. ಮನೆಯವರ ಸಂಕಟ ಗೊತ್ತಿದ್ದೂ ಇದನ್ನು ಹೇಳಬೇಕಾಗಿದೆ.

ತಾವಾಗಿಯೇ ಬಂದು ಸೇರಿದವರ ವಿಷಯ ಬೇರೆ. ಅವರು ಬಿಡುಗಡೆ ಕೇಳಿದರೆ ಬಿಡಬೇಕು. 89ನೇ ಕಲಮಿನ ಪರೀಕ್ಷೆ ಅಗತ್ಯವೆನಿಸಿದರೆ ಮಾತ್ರ 24 ಗಂಟೆ ತಡೆಹಿಡಿಯಬಹುದು. 'ಮೂರು ತಿಂಗಳ ಪ್ಯಾಕೇಜ್' ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲವೆಂದು ಇದರಿಂದಲೇ ಗೊತ್ತಾಗುತ್ತದೆ. ಬಾಕಿ ಹಣಕ್ಕಾಗಿ ಹಿಡಿದಿಟ್ಟುಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನ ಅಕ್ರಮ ಬಂಧನ. ಸರಪಳಿ ಹಾಕುವುದು ಯಾವ ಕಾರಣಕ್ಕೂ ನಿಷಿದ್ಧ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಬಲವಂತದ ದುಡಿಮೆ ಮಾಡಿಸುವಂತಿಲ್ಲ, ಮನೆಯವರೊಡನೆ ಮಾತಾಡದಂತೆ ಮಾಡುವಂತಿಲ್ಲ. "ಮೊದಲ ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ" ಎಂಬ ನಿಯಮ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂಬುದು ಅಷ್ಟು ಕಷ್ಟದ ವಿಷಯವಲ್ಲ. ಕಾಪುವಿನಿಂದ ಬಸ್ಸು ಹತ್ತಿದರೆ ಉಡುಪಿಯ ಅಜ್ಜರಕಾಡಿನಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಅಲ್ಲಿ ಕೇಳಿ. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಸಂಸ್ಥೆಯಲ್ಲಿ ಈ ಚಿಕಿತ್ಸೆ ಉಚಿತ, ಅದು ಹಕ್ಕು; ರೇಶನ್ ಕಾರ್ಡ್ ಒಯ್ಯಿರಿ. ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮದ್ಯವ್ಯಸನದ ಚಿಕಿತ್ಸೆಗೆ ಈ ಕಡೆ ಹೆಸರಾದದ್ದು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಕಾರ್ಕಳದ ಕಡೆಯವರು 'ಮನೋಚೈತನ್ಯ' ಕಾರ್ಯಕ್ರಮದ ಬಗ್ಗೆ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಲಿ. ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಅದು. ಹೊರಡುವ ಮೊದಲು ಫೋನ್ ಮಾಡಿ, ವೈದ್ಯರು ರಜೆಯಲ್ಲಿದ್ದರೆ ಒಂದು ದಿನದ ಸಂಬಳ ಹೋದಂತೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕೇಂದ್ರದ ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ, ಎರಡಕ್ಕೂ ಹೆಸರು ಹೇಳಲೇಬೇಕೆಂದಿಲ್ಲ. ಅನುದಾನಿತ ಕೇಂದ್ರ ಹತ್ತಿರ ಎಲ್ಲಿದೆ ಎಂದು 14446ರಲ್ಲೇ ಕೇಳಿ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆ ಉಳಿದಿರುವುದನ್ನು ನಾನೇ ನೋಡಿದ್ದೇನೆ. ಆದರೆ ಪ್ರತಿದಿನ ಬೆಳಿಗ್ಗೆಯಿಂದಲೇ ಕುಡಿಯುವವರನ್ನು ಮೊದಲು ವೈದ್ಯರಿಗೆ ತೋರಿಸಿ. ಅಂಥವರು ಒಮ್ಮೆಗೇ ನಿಲ್ಲಿಸಿದರೆ ಮೊದಲು ನಡುಕ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ. ಔಷಧಿ ಇಲ್ಲದಿದ್ದರೆ ಪ್ರಾಣವೇ ಹೋಗಬಹುದು. ಕಾಫಿಯಲ್ಲಿ ಗುಟ್ಟಾಗಿ ಮಾತ್ರೆ ಹಾಕಿಕೊಡಿ ಎಂದು ಹೇಳುವವರ ಮಾತು ಕೇಳಲೇಬೇಡಿ. ಆ ಡೈಸಲ್ಫಿರಾಮ್ ಮಾತ್ರೆ ತಿಂದದ್ದು ಗೊತ್ತಿಲ್ಲದೆ ಮೇಲಿಂದ ಮದ್ಯ ಕುಡಿದವರ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು ಬರಬಹುದು.

ಮಣಿಪಾಲದ ವಿದ್ಯಾರ್ಥಿಗಳ ಹೆತ್ತವರು ಬರುವುದು ಬೇರೆಯೇ ಭಯದಿಂದ. ಗಾಂಜಾ ಅಥವಾ ಎಂಡಿಎಂಎ ಸೇವನೆಯ ಕೇಸು, ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮು. ಇದೇ ಕಾಯ್ದೆಯ 64ಎ ಕಲಮು ಅವರಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಆ ಅಪರಾಧಕ್ಕೆ ವಿಚಾರಣೆ ಎದುರಿಸಬೇಕಿಲ್ಲ. ಅಲ್ಪ ಪ್ರಮಾಣವೆಂದರೆ ಗಾಂಜಾ 1 ಕಿಲೋವರೆಗೆ, ಎಂಡಿಎಂಎ ಬರೀ ಅರ್ಧ ಗ್ರಾಂ. ಮಾರಾಟದ ಆರೋಪ ಸೇರಿದರೆ ಲೆಕ್ಕ ಬೇರೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ರಕ್ಷಣೆ ವಾಪಸ್ ಹೋಗಬಹುದು. ಇಲ್ಲೂ ಅದೇ ಗುಂಡಿ ಬಾಯ್ತೆರೆದು ಕೂತಿದೆ: ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಪಡೆದ ಚಿಕಿತ್ಸೆಗೆ ಮಾತ್ರ ಈ ರಕ್ಷಣೆ. ಮಾನ್ಯತೆ ಇಲ್ಲದ ಕಡೆ ಲಕ್ಷ ಸುರಿದು ತಂದ ಡಿಸ್ಚಾರ್ಜ್ ಪತ್ರ ಕೋರ್ಟಿನಲ್ಲಿ ನಡೆಯುವುದಿಲ್ಲ. "ಸ್ಟೇಶನ್ನಿನಲ್ಲೇ ಮುಗಿಸಿಕೊಡುತ್ತೇನೆ" ಎಂದು ಕೋರ್ಟ್ ಆವರಣದಲ್ಲಿ ಸುತ್ತುವವರ ಕೈಗೆ ದುಡ್ಡು ಕೊಡುವ ಮೊದಲು ಒಬ್ಬ ವಕೀಲರಿಗೆ 64ಎ ಎಂಬ ಒಂದು ಶಬ್ದ ಹೇಳಿ.

ವಿಮೆಯ ವಿಷಯದಲ್ಲಿ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೂ ಪಾಲಿಸಿಗಳಲ್ಲಿ ಮದ್ಯ, ಮಾದಕ ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಸಾಮಾನ್ಯ. ಹೊರಗಿಡುವ ಷರತ್ತುಗಳ ಪಟ್ಟಿಯಲ್ಲಿ 12ನೇ ಕೋಡ್ ನೋಡಿ.

ಆಸ್ಪತ್ರೆಗೆ ಸೇರಿದರೆ ಹುಚ್ಚ ಎಂದು ದಾಖಲೆಯಾಗುತ್ತದೆ, ಪಾಲಿನಲ್ಲಿ ತಮ್ಮಂದಿರು ಅದನ್ನೇ ಹಿಡಿಯುತ್ತಾರೆ ಎಂದು ಹೆದರುವವರಿದ್ದಾರೆ. ಚಿಕಿತ್ಸೆ ಪಡೆದ ಮಾತ್ರಕ್ಕೆ ಯಾರೂ ಅಸ್ವಸ್ಥಚಿತ್ತರಾಗುವುದಿಲ್ಲ. ಕೋರ್ಟ್ ಹಾಗೆ ಘೋಷಿಸಬೇಕು. ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಆದರೆ ಭರ್ತಿಯ ದಿನ ಹತ್ತಾರು ಹಾಳೆಗೆ ಸಹಿ ಕೇಳಿದಾಗ ನಡುವೆ ಖಾಲಿ ಹಾಳೆಯೋ ಛಾಪಾ ಕಾಗದವೋ ಇದೆಯೇ ಎಂದು ಒಂದೊಂದನ್ನೂ ಮಗುಚಿ ನೋಡಿ.

ಹೊಡೆತ ತಿನ್ನುತ್ತಿರುವ ಅಕ್ಕಂದಿರು ಗಂಡ ಚಿಕಿತ್ಸೆಗೆ ಒಪ್ಪುವವರೆಗೆ ಕಾಯಬೇಕಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾ ಆದೇಶಕ್ಕೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ. ಸ್ಟೇಶನ್ನಿನಲ್ಲಿ "ಕುಡುಕನ ವಿಷಯ ಮನೆಯಲ್ಲೇ ಮುಗಿಸಿಕೊಳ್ಳಿ" ಎಂದು ಕಳಿಸಿದರೆ ದೂರನ್ನು ಬರೆದು ಕೊಟ್ಟು ಸ್ವೀಕೃತಿ ಕೇಳಿ. ಅದನ್ನೂ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಯವರಿಗೆ ಕಳಿಸಿ. ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ನಂಬರ್ 15100.

ಹಣ ಕಳಕೊಂಡವರಿಗೆ ಗ್ರಾಹಕರ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ಆ ದಿನ ನನ್ನ ಮೇಜಿನ ಮೇಲಿದ್ದ 60,000 ರೂಪಾಯಿಯ ರಶೀದಿಯನ್ನು ದೀಪದ ಹತ್ತಿರ ಹಿಡಿದು ಓದಿದಾಗ ನನಗೆ ಸಿಟ್ಟು ಉಕ್ಕಿ ಬಂತು. 'ಬಾಬ್ತು' ಎಂಬಲ್ಲಿ ಸಣ್ಣ ಅಕ್ಷರದಲ್ಲಿ 'ದೇಣಿಗೆ' ಎಂದು ಬರೆದಿತ್ತು. ಸೇವೆಗೆ ಹಣ ಕೊಟ್ಟಿದ್ದೇವೆಂದು ತೋರಿಸಿದರೆ ತಾನೆ ಗ್ರಾಹಕ? ಅವರು ದಾನ ಪಡೆದವರು, ಈಕೆ ದಾನ ಕೊಟ್ಟವರು! ಮೊಬೈಲಿನಲ್ಲಿ "ಮೂರು ತಿಂಗಳ ಫೀಸ್ ಹಾಕಿ" ಎಂಬ ವಾಟ್ಸಾಪ್ ಸಂದೇಶ ಅಳಿಸದೆ ಉಳಿದಿದ್ದರಿಂದ ದೂರು ಬರೆಯಲು ಸಾಧ್ಯವಾಯಿತು. ಸಂದೇಶಗಳನ್ನು ಅಳಿಸಬೇಡಿ. ರಶೀದಿಯಲ್ಲಿ 'ಚಿಕಿತ್ಸಾ ಶುಲ್ಕ' ಎಂದು ಬರೆಯಿಸಿ, ಆಮೇಲೆ ಹಣ ಕೊಡಿ.

ಅವರ ಗಂಡ ಆಗಸ್ಟಿನಲ್ಲಿ ಅಜ್ಜರಕಾಡಿಗೆ ತಾವಾಗಿಯೇ ಹೋದರು. ಹೋಗುವ ಮೊದಲು ನಾನು ಒಂದು ಕೆಲಸ ಮಾಡಲು ಹೇಳಿದ್ದೆ, ಬೆಳಿಗ್ಗೆ, ಅಮಲಿಲ್ಲದ ಹೊತ್ತಿನಲ್ಲಿ. ತನ್ನ ಚಿಕಿತ್ಸೆಯ ವಿಷಯದಲ್ಲಿ ತನ್ನ ಪರ ಯಾರು ಮಾತಾಡಬೇಕೆಂದು ರೋಗಿಯೇ ಬರೆದಿಡಬಹುದು. ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಮಿಗೆ ಬಿಳಿ ಹಾಳೆ ಮತ್ತು ಸಹಿ ಸಾಕು, ನೋಟರಿ ಬೇಡ. ಅವರು ನನ್ನ ಮೇಜಿನ ಎದುರು ಕೂತು, ಬಲೆ ಎಳೆದು ಗಟ್ಟಿಯಾದ ಬೆರಳುಗಳಲ್ಲಿ ಪೆನ್ನು ಹಿಡಿದು, ಎರಡು ಸಾಲು ಬರೆಯಲು ಕಾಲು ಗಂಟೆ ತೆಗೆದುಕೊಂಡರು. ಪ್ರತಿನಿಧಿಯ ಹೆಸರು ಬರೆಯುವಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರು. ಬಾಗಿಲ ಹತ್ತಿರ ಕೊಡೆ ಹಿಡಿದು ನಿಂತಿದ್ದ ಹೆಂಡತಿಯ ಕಡೆ ನೋಡಲಿಲ್ಲ. ಆಮೇಲೆ ಅವರ ಹೆಸರನ್ನೇ ಬರೆದರು.