ಗಣಕಯಂತ್ರದಲ್ಲಿ ಎರಡನೆಯ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವ ಕ್ರಮ

ಈ ಶಾಲೆಯಲ್ಲಿ ಕಲಿತುಹೋದ ಸೋದರಿಯರಲ್ಲಿ ಅನೇಕರ ಮನೆಗಳಲ್ಲಿ ಎಂಟು ಹತ್ತು ವರುಷಗಳಷ್ಟು ಹಳೆಯದಾದ ಗಣಕಯಂತ್ರವೊಂದು ಇದ್ದೀತು. ಅದರ ಪರದೆಯು ಕೆಟ್ಟಿಲ್ಲ, ಕೀಲಿಮಣೆಯು ಸವೆದಿಲ್ಲ; ಆದರೂ ಇದರ ಕಾಲವು ಮುಗಿಯಿತು, ಹೊಸದನ್ನು ಕೊಳ್ಳಿರಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಗೆ ಹೇಳುವುದಕ್ಕೆ ಕಾರಣವಿಲ್ಲದೆ ಇಲ್ಲ. ೨೦೧೫ನೆಯ ಇಸವಿ ಜುಲೈ ೨೯ರಂದು ಹೊರಬಂದ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ತಯಾರಕರ ಸಾಮಾನ್ಯ ಪೋಷಣೆಯು ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ನಿಂತುಹೋಯಿತು. ಅಂದಿನಿಂದ ಕಳ್ಳರು ನುಗ್ಗುವ ಸಂದುಗಳನ್ನು ಮುಚ್ಚುವ ರಕ್ಷಣಾ ಪರಿಷ್ಕರಣೆಗಳು, ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗಲ್ಲದೆ ಮಿಕ್ಕವರಿಗೆ ದೊರೆಯವು. ಅದರ ತರುವಾಯ ಬಂದ ವಿಂಡೋಸ್ ೧೧ ಟಿಪಿಎಂ ೨.೦ ಎಂಬ ಭದ್ರತಾ ಅಂಗವನ್ನೂ ಹೊಸ ಮಾದರಿಯ ಸಂಸ್ಕಾರಕವನ್ನೂ ಬೇಡುವುದರಿಂದ ಹಳೆಯ ಯಂತ್ರಗಳಲ್ಲಿ ಹಲವು ಅದಕ್ಕೆ ಒಗ್ಗುವುದಿಲ್ಲ.

ಹೀಗಿರುವಲ್ಲಿ ಗಟ್ಟಿಯಾದ ಯಂತ್ರವನ್ನು ಗುಜರಿಗೆ ಹಾಕಿ, ಸಾಲಮಾಡಿ ಹೊಸದನ್ನು ತರಬೇಕೋ? ಅವಶ್ಯವಿಲ್ಲವೆಂಬುದೇ ಈ ಪಾಠದ ತಾತ್ಪರ್ಯ. ಹಳೆಯ ವ್ಯವಸ್ಥೆಯನ್ನು ಕೆಡಿಸದೆ ಅದರ ಮಗ್ಗುಲಲ್ಲಿಯೇ ಮತ್ತೊಂದನ್ನು ನೆಲೆಗೊಳಿಸಬಹುದು. ಆದರೆ ಈ ಕಾರ್ಯದಲ್ಲಿ ಒಂದು ಗುಂಡಿಯನ್ನು ತಪ್ಪಿ ಒತ್ತಿದರೆ ಮದುವೆಯ ಚಿತ್ರಗಳು, ಗತಿಸಿದ ಹಿರಿಯರ ಧ್ವನಿ, ಮಗಳು ತಿಂಗಳುಗಟ್ಟಲೆ ಬರೆದ ಪ್ರಬಂಧ ಇವೆಲ್ಲವೂ ಕ್ಷಣಮಾತ್ರದಲ್ಲಿ ಅಳಿದುಹೋಗಬಲ್ಲವು. ಆದಕಾರಣ ಕ್ರಮವನ್ನು ಅರಿತುಕೊಂಡೇ ಕೈಹಾಕತಕ್ಕದ್ದು.

೧. ಕಾರ್ಯಾಚರಣ ವ್ಯವಸ್ಥೆಯೆಂದರೇನು?

ಯಂತ್ರವು ಬೇರೆ, ಅದನ್ನು ನಡೆಸುವ ವ್ಯವಸ್ಥೆಯು ಬೇರೆ. ಈ ಭೇದವನ್ನು ತಿಳಿದವರಿಗೆ ಮುಂದಿನದೆಲ್ಲವೂ ಸುಲಭವಾಗುವುದು. ಕೀಲಿಮಣೆಯನ್ನು ಒತ್ತಿದಾಗ ಅಕ್ಷರವು ಪರದೆಯ ಮೇಲೆ ಮೂಡುವಂತೆಯೂ, ಬರೆದ ಕಡತವು ಹಾರ್ಡ್ ಡಿಸ್ಕಿನಲ್ಲಿ ತಕ್ಕ ಸ್ಥಳದಲ್ಲಿ ಉಳಿಯುವಂತೆಯೂ, ಏಕಕಾಲದಲ್ಲಿ ನಡೆಯುವ ಹಲವು ಕೆಲಸಗಳು ಒಂದಕ್ಕೊಂದು ಅಡ್ಡಬಾರದಂತೆಯೂ ನೋಡಿಕೊಳ್ಳುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಒಂದೇ ಮನೆಯಲ್ಲಿ ಎರಡು ಒಲೆಗಳನ್ನು ಹೂಡಬಹುದಾದಂತೆ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳು ಇರಬಹುದು. ಆದರೆ ಇಲ್ಲಿ ಎರಡು ಒಲೆಗಳೂ ಏಕಕಾಲದಲ್ಲಿ ಉರಿಯುವುದಿಲ್ಲ. ಯಂತ್ರವನ್ನು ಚಾಲೂ ಮಾಡಿದಾಗ ಈ ಹೊತ್ತಿಗೆ ಯಾವುದು ಬೇಕೆಂದು ನಾವೇ ಆರಿಸಿಕೊಳ್ಳುತ್ತೇವೆ.

೨. ಯಾವುದನ್ನು ಆರಿಸಿಕೊಳ್ಳಬೇಕು?

ಗೃಹಕೃತ್ಯಕ್ಕೂ ವಿದ್ಯಾಭ್ಯಾಸಕ್ಕೂ ಅನುಕೂಲವಾದುದು ಲಿನಕ್ಸ್. ೧೯೮೩ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ನರು ಯಾರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ಒಂದು ಸ್ವತಂತ್ರ ವ್ಯವಸ್ಥೆಯನ್ನು ರಚಿಸುವ ಸಂಕಲ್ಪವನ್ನು ಪ್ರಕಟಿಸಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. ಅದರ ಉಪಕರಣಗಳು ಹಲವು ಸಿದ್ಧವಾಗಿದ್ದರೂ ಯಂತ್ರದ ಅಂಗಗಳೊಡನೆ ನೇರವಾಗಿ ವ್ಯವಹರಿಸುವ ತಿರುಳು ಇನ್ನೂ ಸಿದ್ಧವಾಗಿರಲಿಲ್ಲ. ೧೯೯೧ನೆಯ ಇಸವಿ ಆಗಸ್ಟ್ ೨೫ರಂದು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ, ೨೧ ವರುಷ ಪ್ರಾಯದ ಲಿನಸ್ ಟೋರ್ವಾಲ್ಡ್ಸರು ಹವ್ಯಾಸಕ್ಕಾಗಿ ತಾವು ರಚಿಸುತ್ತಿದ್ದ ಅಂತಹ ತಿರುಳನ್ನು ಜಗತ್ತಿಗೆ ತಿಳಿಯಪಡಿಸಿದರು. ಇವೆರಡೂ ಕೂಡಿ ಇಂದಿನ ಲಿನಕ್ಸ್ ವ್ಯವಸ್ಥೆಗಳಾದವು. ೨೦೦೪ರಲ್ಲಿ ಮೊದಲು ಹೊರಬಂದ ಉಬುಂಟು, ೨೦೦೬ರಲ್ಲಿ ಬಂದ ಲಿನಕ್ಸ್ ಮಿಂಟ್ ಎಂಬಿವು ಹೊಸಬರಿಗೆ ತಕ್ಕವು. ಇವುಗಳಿಗೆ ಬೆಲೆಯಿಲ್ಲ. ಉಬುಂಟುವಿನ ೨೪.೦೪ ಎಂಬ ದೀರ್ಘಾವಧಿಯ ಆವೃತ್ತಿಯು ೨೦೨೪ರ ಏಪ್ರಿಲಿನಲ್ಲಿ ಹೊರಬಂದುದು. ಅದಕ್ಕೆ ಐದು ವರುಷಗಳ ರಕ್ಷಣಾ ಪರಿಷ್ಕರಣೆಯುಂಟು. ಅದಕ್ಕೆ ೪ ಜಿಬಿ ಸ್ಮೃತಿಯೂ ೨೫ ಜಿಬಿ ಸ್ಥಳವೂ ಇರಬೇಕು. ಮಿಂಟ್ ೨ ಜಿಬಿ ಸ್ಮೃತಿಯಲ್ಲಿಯೂ ನಡೆಯುವುದು. ಆದರೆ ೪ ಜಿಬಿ ಇದ್ದರೆ ಲೇಸು.

೩. ಪೂರ್ವಸಿದ್ಧತೆ

ಮೊದಲನೆಯದಾಗಿ, ಉಳಿಯಬೇಕಾದ ಕಡತಗಳೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿರಿ. ನಕಲಾಯಿತೆಂದು ಪರದೆಯು ಹೇಳಿದ ಮಾತ್ರಕ್ಕೆ ನಂಬಲಾಗದು. ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಕೆಲವು ಚಿತ್ರಗಳನ್ನೂ ಪತ್ರಗಳನ್ನೂ ತೆರೆದು ನೋಡಿರಿ. ತೆರೆದು ನೋಡದ ಪ್ರತಿಯು ಪ್ರತಿಯೇ ಅಲ್ಲ.

ಎರಡನೆಯದಾಗಿ, ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ಬೀಗವು ಹಾಕಿದೆಯೇ ಎಂದು ವಿಚಾರಿಸಿಕೊಳ್ಳಿರಿ. ಇದ್ದರೆ ಅದರ ೪೮ ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಬೀಗವನ್ನು ತೆಗೆಯಿರಿ. ಆರಂಭದ ವ್ಯವಸ್ಥೆಯು ಬದಲಾದುದನ್ನು ಕಂಡು ಆ ಬೀಗವು ಕೀಲಿಯನ್ನು ಕೇಳಬಹುದು. ಕೀಲಿಯಿಲ್ಲದವರಿಗೆ ತಮ್ಮ ಸ್ವಂತ ಕಡತಗಳೂ ದಕ್ಕವು.

ಮೂರನೆಯದಾಗಿ, ಫಾಸ್ಟ್ ಸ್ಟಾರ್ಟಪ್ ಎಂಬ ಸೌಕರ್ಯವನ್ನು ನಿಲ್ಲಿಸಿರಿ. ಅದು ಇರುವಾಗ ವಿಂಡೋಸ್ ಮುಚ್ಚಿದಂತೆ ಕಂಡರೂ ಪೂರ್ಣವಾಗಿ ಮುಚ್ಚುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಇನ್ನೊಂದು ವ್ಯವಸ್ಥೆಯು ಅದರ ಪಾಲಿನ ಸ್ಥಳದಲ್ಲಿ ಏನನ್ನಾದರೂ ಬರೆದರೆ ಕಡತಗಳು ಕೆಡುವ ಸಂಭವವುಂಟು.

ನಾಲ್ಕನೆಯದಾಗಿ, ಸಿಸ್ಟಂ ಇನ್ಫರ್ಮೇಶನ್ ಎಂಬ ಪುಟವನ್ನು ತೆರೆದು ಯಂತ್ರವು ಯುಇಎಫ್‌ಐ ರೀತಿಯಲ್ಲಿ ಆರಂಭವಾಗುತ್ತದೆಯೋ ಹಳೆಯ ಬಯಾಸ್ ರೀತಿಯಲ್ಲಿಯೋ ಎಂದು ಗುರುತು ಮಾಡಿಕೊಳ್ಳಿರಿ. ಎರಡು ವ್ಯವಸ್ಥೆಗಳೂ ಒಂದೇ ರೀತಿಯಲ್ಲಿ ಸ್ಥಾಪಿತವಾಗಿರುವುದು ಕ್ಷೇಮ.

೪. ಸ್ಥಳವನ್ನು ಹಿಸ್ಸೆ ಮಾಡುವುದು

ಹಾರ್ಡ್ ಡಿಸ್ಕನ್ನು ಒಂದು ಜಮೀನಿಗೆ ಹೋಲಿಸಬಹುದು. ಯಾವ ಪಾಲು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂಬ ಲೆಕ್ಕವು ಡಿಸ್ಕಿನ ತಲೆಯಲ್ಲಿ ಪಹಣಿಯಂತೆ ಬರೆದಿರುತ್ತದೆ. ಹಳೆಯ ಎಂಬಿಆರ್ ಎಂಬ ಲೆಕ್ಕದಲ್ಲಿ ಮುಖ್ಯ ಪಾಲುಗಳು ನಾಲ್ಕಕ್ಕಿಂತ ಹೆಚ್ಚಾಗಲಾರವು. ಹೊಸ ಜಿಪಿಟಿ ಲೆಕ್ಕದಲ್ಲಿ ವಿಂಡೋಸ್ ೧೨೮ ಪಾಲುಗಳವರೆಗೆ ಅವಕಾಶ ಕೊಡುತ್ತದೆ. ಲಿನಕ್ಸಿಗೆ ಬೇಕಾದ ಪಾಲನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಉಪಕರಣದಿಂದಲೇ ಬಿಡಿಸಿಕೊಳ್ಳುವುದು ಉತ್ತಮ. ಅಲ್ಲಿ ದೊಡ್ಡ ಪಾಲನ್ನು ಆರಿಸಿ ಶ್ರಿಂಕ್ ವಾಲ್ಯೂಮ್ ಎಂಬುದನ್ನು ಒತ್ತಿ, ೫೦ ಜಿಬಿಯಷ್ಟನ್ನಾದರೂ ತೆರವು ಮಾಡಿರಿ. ತೆರವಾದ ಸ್ಥಳದಲ್ಲಿ ಹೊಸ ಪಾಲನ್ನು ರಚಿಸದೆ ಹಾಗೆಯೇ ಬಿಡಿರಿ. ತರುವಾಯ ಯಂತ್ರವನ್ನು ಒಮ್ಮೆ ಮುಚ್ಚಿ ತೆರೆದು ವಿಂಡೋಸ್ ಮೊದಲಿನಂತೆ ನಡೆಯುವುದನ್ನು ಕಂಡ ಮೇಲೆಯೇ ಮುಂದಿನ ಹೆಜ್ಜೆಯನ್ನಿಡಿರಿ.

೫. ಅಳವಡಿಸುವುದು

ಆರಿಸಿಕೊಂಡ ವ್ಯವಸ್ಥೆಯ ಕಡತವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ಮೊದಲಾದ ಉಪಕರಣದಿಂದ ಒಂದು ಪೆನ್‌ಡ್ರೈವಿಗೆ ಬರೆಯಿರಿ. ೮ ಜಿಬಿಯದಾದರೆ ಸಾಕು. ಅದರಲ್ಲಿ ಮೊದಲಿದ್ದುದೆಲ್ಲವೂ ಅಳಿಯುವುದರಿಂದ ಬರಿದಾದುದನ್ನೇ ತೆಗೆದುಕೊಳ್ಳಿರಿ. ಅದನ್ನು ಸಿಕ್ಕಿಸಿ ಯಂತ್ರವನ್ನು ಚಾಲೂ ಮಾಡುವಾಗ ಎಫ್ ೧೨, ಎಫ್ ೯, ಎಸ್ಕೇಪ್ ಎಂಬಿವುಗಳಲ್ಲಿ ತಯಾರಕರು ಗೊತ್ತುಮಾಡಿದ ಕೀಲಿಯನ್ನು ಒತ್ತಿದರೆ ಯಾವುದರಿಂದ ಆರಂಭಿಸಬೇಕೆಂಬ ಪಟ್ಟಿಯು ಕಾಣುವುದು.

ಪೆನ್‌ಡ್ರೈವಿನಿಂದ ಆರಂಭವಾದ ವ್ಯವಸ್ಥೆಯನ್ನು ಅಳವಡಿಸದೆಯೇ ಪರೀಕ್ಷಿಸಿ ನೋಡಬಹುದು. ಆ ಸಮಯದಲ್ಲಿ ಅದು ಸ್ಮೃತಿಯಲ್ಲಿಯೇ ನಡೆಯುವುದು. ನಾವು ಅಪ್ಪಣೆ ಕೊಡುವ ತನಕ ಡಿಸ್ಕಿನ ಪಾಲುಗಳನ್ನು ಬದಲಿಸದು. ವೈಫೈ ಸಿಗುತ್ತದೆಯೇ, ಧ್ವನಿಯು ಕೇಳುತ್ತದೆಯೇ, ಮುದ್ರಣಯಂತ್ರವು ಓಗೊಡುತ್ತದೆಯೇ ಎಂಬುದನ್ನು ಆಗಲೇ ನೋಡಿಕೊಳ್ಳಿರಿ. ಒಗ್ಗದಿದ್ದರೆ ಪೆನ್‌ಡ್ರೈವನ್ನು ತೆಗೆದರಾಯಿತು, ನಷ್ಟವೇನೂ ಇಲ್ಲ.

ಒಗ್ಗಿದರೆ ಅಳವಡಿಸುವ ಗುಂಡಿಯನ್ನು ಒತ್ತಿರಿ. ಭಾಷೆ, ಕೀಲಿಮಣೆ ಇವುಗಳ ಪ್ರಶ್ನೆಗಳಾದ ಮೇಲೆ ಅತಿ ಮುಖ್ಯವಾದ ಪುಟವು ಬರುವುದು. ಅದರಲ್ಲಿ, ಈಗಿರುವ ವಿಂಡೋಸಿನ ಜೊತೆಯಲ್ಲಿ ಅಳವಡಿಸು ಎಂಬರ್ಥದ ಒಂದು ಸಾಲೂ, ಎರೇಸ್ ಡಿಸ್ಕ್ ಎಂಬ ಇನ್ನೊಂದು ಸಾಲೂ ಹತ್ತಿರ ಹತ್ತಿರ ಇರುತ್ತವೆ. ಎರಡನೆಯದು ಜಮೀನನ್ನೆಲ್ಲ ಉತ್ತು ಸಮಮಾಡಿಬಿಡುವಂಥದು. ಅದನ್ನು ಮುಟ್ಟಲೇ ಕೂಡದು. ಪಾಲನ್ನು ನಾವೇ ತೋರಿಸಬೇಕಾಗಿ ಬಂದರೆ ನಾವು ತೆರವು ಮಾಡಿದ ೫೦ ಜಿಬಿಯ ಗಾತ್ರವನ್ನು ನೋಡಿ ಗುರುತಿಸಬೇಕು. ಈ ಪುಟದಲ್ಲಿ ತಾಯಿಯೂ ಮಗಳೂ ಜೊತೆಯಾಗಿ ಕುಳಿತು, ಒಬ್ಬರು ಪ್ರತಿಯೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ ಅರ್ಥ ಹೇಳಿದ ಮೇಲೆ ಮತ್ತೊಬ್ಬರು ಒತ್ತುವುದು ಒಳ್ಳೆಯ ಪದ್ಧತಿ.

ಕೆಲಸವು ಮುಗಿದು ಯಂತ್ರವನ್ನು ಪುನಃ ತೆರೆದಾಗ ಗ್ರಬ್ ಎಂಬ ಪಟ್ಟಿಯು ಕಾಣಿಸಿಕೊಂಡು ಎರಡು ವ್ಯವಸ್ಥೆಗಳ ಹೆಸರನ್ನೂ ತೋರಿಸುವುದು. ಬಾಣದ ಕೀಲಿಯಿಂದ ಬೇಕಾದುದನ್ನು ಆರಿಸಿಕೊಳ್ಳತಕ್ಕದ್ದು.

೬. ಆಮೇಲೆ ಕಾಣುವ ತೊಡಕುಗಳು

ಕೆಲವೊಮ್ಮೆ ಲಿನಕ್ಸನ್ನು ಬಳಸಿ ವಿಂಡೋಸಿಗೆ ಮರಳಿದಾಗ ಗಡಿಯಾರವು ಐದೂವರೆ ಗಂಟೆ ಹಿಂದಿರುವುದು. ಯಂತ್ರವು ಕೆಟ್ಟಿತೆಂದು ಹೆದರಬೇಕಾಗಿಲ್ಲ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ವೇಳೆಯನ್ನು ಇಡುತ್ತದೆ. ವಿಂಡೋಸ್ ಅದನ್ನೇ ಊರಿನ ವೇಳೆಯೆಂದು ಓದುತ್ತದೆ. ಭಾರತದ ವೇಳೆಯು ಜಾಗತಿಕ ವೇಳೆಗಿಂತ ೫ ಗಂಟೆ ೩೦ ನಿಮಿಷ ಮುಂದಿರುವುದರಿಂದ ಈ ಅಂತರವುಂಟಾಗುತ್ತದೆ. ಆ ಗಡಿಯಾರವನ್ನು ಊರಿನ ವೇಳೆಯಾಗಿಯೇ ಎಣಿಸುವಂತೆ ಲಿನಕ್ಸಿಗೆ ಒಮ್ಮೆ ಆಜ್ಞಾಪಿಸಿದರೆ ಸರಿಹೋಗುವುದು.

ಕನ್ನಡದ ವಿಷಯದಲ್ಲಿ ಒಂದು ಮಾತು. ಲಿನಕ್ಸಿನಲ್ಲಿ ಕನ್ನಡವನ್ನು ಬರೆಯಲು ಕಗಪ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ದೊರೆಯುತ್ತವೆ. ಆದರೆ ಹಿಂದೆ ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಪತ್ರಗಳು ಇಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣಬಹುದು. ಏಕೆಂದರೆ ಆ ಶೈಲಿಗಳು ಕನ್ನಡದ ರೂಪಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂಡಿಸಿದ್ದವು. ಅಂತಹ ಪತ್ರಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಂಡರೆ ಯಾವ ವ್ಯವಸ್ಥೆಯಲ್ಲಿಯೂ ಓದಬಹುದು.

ಇನ್ನು ಎರಡು ವ್ಯವಸ್ಥೆಗಳಿಗೆ ಕೆಲಸವನ್ನು ಹಂಚುವ ಬಗೆ. ಪೋಷಣೆಯಿಲ್ಲದ ಹಳೆಯ ವಿಂಡೋಸಿನಲ್ಲಿ ಬ್ಯಾಂಕಿನ ವ್ಯವಹಾರವನ್ನು ಮಾಡಲಾಗದು. ಅದನ್ನೂ ಅಂಚೆ, ಅಂತರ್ಜಾಲ ಇವುಗಳನ್ನೂ ಲಿನಕ್ಸಿಗೆ ವಹಿಸಿರಿ. ಪತ್ರಲೇಖನಕ್ಕೂ ಲೆಕ್ಕಪಟ್ಟಿಗೂ ಲಿಬ್ರೆಆಫೀಸ್ ಇದೆ. ಟ್ಯಾಲಿಯಂತೆ ವಿಂಡೋಸಿಗಾಗಿಯೇ ರಚಿತವಾದ ತಂತ್ರಾಂಶಗಳು ಬೇಕಾದಾಗ ಮಾತ್ರ, ಅಂತರ್ಜಾಲದ ಸಂಪರ್ಕವನ್ನು ಕಡಿದು, ಹಳೆಯದನ್ನು ತೆರೆಯಿರಿ. ಲಿನಕ್ಸ್ ವಿಂಡೋಸಿನ ಪಾಲನ್ನು ಓದಬಲ್ಲದು. ವಿಂಡೋಸ್ ತಾನಾಗಿ ಲಿನಕ್ಸಿನ ಪಾಲನ್ನು ಓದಲಾರದೆಂಬುದೂ ನೆನಪಿರಲಿ.

ಅಭ್ಯಾಸಕ್ಕಾಗಿ

ಮನೆಯ ಯಂತ್ರವನ್ನು ಮುಟ್ಟುವ ಮೊದಲು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರೆಯಿರಿ. ನಕಲು ಮಾಡಿದ ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದಿರೋ? ಬಿಟ್‌ಲಾಕರಿನ ಕೀಲಿಯು ಕಾಗದದ ಮೇಲೆ ಉಂಟೋ? ತೆರವು ಮಾಡಿದ ಪಾಲಿನ ಗಾತ್ರವೆಷ್ಟು? ಯಾವ ಸಾಲನ್ನು ಎಂದಿಗೂ ಒತ್ತಬಾರದು? ನಾಲ್ಕಕ್ಕೂ ತಡವರಿಸದೆ ಉತ್ತರ ಹೇಳಬಲ್ಲ ಹುಡುಗಿಯು ಈ ಕೆಲಸಕ್ಕೆ ಸಿದ್ಧಳಾಗಿದ್ದಾಳೆ. ಹೆತ್ತವರು ಅವಳ ಕೈಗೆ ಯಂತ್ರವನ್ನು ಕೊಟ್ಟು ಪಕ್ಕದಲ್ಲಿ ಕುಳಿತಿದ್ದರೆ ಸಾಕು.