ವಿದ್ಯಾರ್ಥಿವೇತನದ ಅರ್ಜಿಗೆ ಕಾಲೇಜು ತಕರಾರು ತೆಗೆದಾಗ

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ, ಅಂದರೆ ಎಸ್ಸೆಸ್ಸೆಲ್ಸಿಯ ಮುಂದಿನ ವ್ಯಾಸಂಗಕ್ಕೆ ದೊರೆಯುವ ಸರ್ಕಾರಿ ನೆರವಿಗೆ, ಯಾರು ಅರ್ಹರೆಂಬುದನ್ನು ಸರ್ಕಾರದ ನಿಯಮಗಳು ನಿರ್ಧರಿಸುತ್ತವೆ. ಕಾಲೇಜಿನ ಪಾಲಿಗೆ ಬರುವುದು ದಾಖಲೆಗಳ ಪರಿಶೀಲನೆ ಮತ್ತು ದೃಢೀಕರಣ ಮಾತ್ರ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿರುವ ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ವರಮಾನದ ಮಿತಿ 2.5 ಲಕ್ಷ ರೂಪಾಯಿಯಾಗಿದ್ದು, ಅದಕ್ಕೆ ಆದಾಯ ಪ್ರಮಾಣಪತ್ರವೇ ಆಧಾರ.

ಕರ್ನಾಟಕದಲ್ಲಿ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಸಲ್ಲಿಸಿದ ಅರ್ಜಿಗಳು ಸಿಕ್ಕಿಬೀಳುವುದು ಬಹುಮಟ್ಟಿಗೆ ಸಣ್ಣ ವ್ಯತ್ಯಾಸಗಳಲ್ಲಿ: ಅಂಕಪಟ್ಟಿಯಲ್ಲಿ ಹೆಸರಿನ ಹಿಂದಿರುವ ಇನಿಷಿಯಲ್ ಆಧಾರ್‌ನಲ್ಲಿ ಮುಂದಕ್ಕೆ ಬಂದಿರುತ್ತದೆ, ನಾಡಕಚೇರಿಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಇಲ್ಲವೇ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಇವೆಲ್ಲ ಸರಿಪಡಿಸಬಹುದಾದ ದೋಷಗಳಾದ್ದರಿಂದ, 'ನಿಮಗೆ ಬರುವುದಿಲ್ಲ' ಎಂಬ ಬಾಯಿಮಾತನ್ನು ನಂಬಿ ವಿದ್ಯಾರ್ಥಿ ಹಿಂತಿರುಗುವುದು ನಿಜಕ್ಕೂ ದುಃಖದ ಸಂಗತಿ.

ಪ್ರಾಂಶುಪಾಲರಿಗೆ ಬರೆದ ಮನವಿಯ ಎರಡು ಪ್ರತಿಗಳನ್ನು ಒಯ್ದು, ಒಂದರ ಮೇಲೆ ದಿನಾಂಕಸಹಿತ ಮೊಹರು ಹಾಕಿಸಿಕೊಂಡು, ತಿರಸ್ಕಾರದ ಕಾರಣವನ್ನು ಹಿಂಬರಹದಲ್ಲಿ, ಎಂದರೆ ಅರ್ಜಿಗೆ ಕಚೇರಿ ನೀಡುವ ಲಿಖಿತ ಉತ್ತರದಲ್ಲಿ, ಕೇಳಿ ಪಡೆಯಬೇಕು. ಆ ಕಾಗದವಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಾದಕ್ಕೆ ಬಲ ಬರುತ್ತದೆ. ಇಲಾಖೆಯೂ ಸುಮ್ಮನಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಡತದ ಸ್ಥಿತಿಯನ್ನು ಕೇಳಬಹುದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಶುಲ್ಕ ಬಾಕಿಯ ನೆಪದಲ್ಲಿ ಮೂಲ ಅಂಕಪಟ್ಟಿಗಳನ್ನು ತಡೆಹಿಡಿಯುವ ಕಾಲೇಜುಗಳಿಗೆ, ಅವನ್ನು ಇಟ್ಟುಕೊಳ್ಳಬಾರದೆಂಬ ಯುಜಿಸಿಯ 2018ರ ಅಧಿಸೂಚನೆಯನ್ನು ಪ್ರಾಂಶುಪಾಲರಿಗೆ ಬರೆಯುವ ಮನವಿಯಲ್ಲೇ ನೆನಪಿಸುವುದು ಒಳಿತು.