ಕಾರ್ಡಿಗೆ ಎಷ್ಟು, ರ್ಯಾಮಿಗೆ ಎಷ್ಟು?

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಮನೆಯಲ್ಲೇ ಗೇಮಿಂಗ್ ಪಿಸಿ ಜೋಡಿಸುತ್ತಿದ್ದೇನೆ. ರೈಜೆನ್ 5 7600, ಬಿ650 ಬೋರ್ಡ್, 1440ಪಿ ಮಾನಿಟರ್ ಬಂದಾಗಿದೆ. ಉಳಿದ ದುಡ್ಡಿಗೆ ಎರಡೇ ದಾರಿ: 32 ಜಿಬಿ ರ್ಯಾಮ್ ಜೊತೆ 8 ಜಿಬಿಯ ಆರ್‌ಟಿಎಕ್ಸ್ 5060 ಟಿಐ, ಇಲ್ಲವೇ 16 ಜಿಬಿ ರ್ಯಾಮ್ ಜೊತೆ ಅದೇ ಕಾರ್ಡಿನ 16 ಜಿಬಿ ಮಾದರಿ. ರ್ಯಾಮ್ ಜಾಸ್ತಿ ಇದ್ದರೆ ಕಾರ್ಡಿನ ಕೊರತೆ ತುಂಬಿಕೊಳ್ಳುತ್ತೆ ಅನ್ನುತ್ತಾರೆ ಅಂಗಡಿಯವರು. ಹೌದಾ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. 16 ಜಿಬಿ ಕಾರ್ಡನ್ನೇ ತೆಗೆದುಕೊಳ್ಳಿ. ಕಾರ್ಡಿನ ಮೆಮೊರಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಆಮೇಲೆ ಹೆಚ್ಚಿಸಲಾಗದು. ರ್ಯಾಮ್ ಹಾಗಲ್ಲ, ಕೈಯಲ್ಲಿ ದುಡ್ಡು ಬಂದಾಗ ಸೇರಿಸಬಹುದು.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾರ್ಡಿನ 8 ಜಿಬಿ ತುಂಬಿದಾಗ ಗೇಮ್ ನಿಜಕ್ಕೂ ರ್ಯಾಮಿನಲ್ಲಿ ಜಾಗ ಹುಡುಕುತ್ತದೆ. ತೊಂದರೆ ಇರುವುದು ದಾರಿಯಲ್ಲಿ. ಈ ಕಾರ್ಡಿಗೆ ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 448 ಜಿಬಿ ಮಾಹಿತಿ ಸಿಗುತ್ತದೆ. ಬಿ650 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಸಿಐ 4.0 ಸ್ಲಾಟ್, ಈ ಕಾರ್ಡ್ ಬಳಸುವುದು ಅದರ ಎಂಟೇ ಲೇನ್. ಅಲ್ಲಿ ಸೆಕೆಂಡಿಗೆ 16 ಜಿಬಿ ಬಂದರೆ ಹೆಚ್ಚು. ಹಾಗಾಗಿ ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಂಡರೂ, ಆಟದಲ್ಲಿ ಗಕ್ಕನೆ ತಿರುಗಿದಾಗ ಚಿತ್ರ ಅರೆಕ್ಷಣ ತಡೆಯುತ್ತದೆ. ಕೆಲವು ಗೇಮ್‌ಗಳು ತಡೆಯುವುದಿಲ್ಲ, ಬದಲಿಗೆ ಸದ್ದಿಲ್ಲದೆ ಕೆಳದರ್ಜೆಯ ಟೆಕ್ಸ್ಚರ್ ಹಾಕಿಬಿಡುತ್ತವೆ. ಎದುರಿಗಿರುವ ಗೋಡೆಯ ಇಟ್ಟಿಗೆಗಳ ಗೆರೆ ಅಳಿಸಿ, ಬರೀ ಕೆಂಪು ಬಣ್ಣ ಬಳಿದಂತೆ ಕಾಣುತ್ತದೆ. 1440ಪಿಯಲ್ಲಿ ಆಡುವವರಿಗೆ ಇದು ದಿನನಿತ್ಯದ ಕಿರಿಕಿರಿ.

2025ರ ಕೊನೆಯಿಂದ ರ್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಅದಕ್ಕೆ ಮುಖ್ಯ ಕಾರಣ. ನನ್ನ ಸಲಹೆ: ಈಗ 16 ಜಿಬಿಯ ಒಂದೇ ಸ್ಟಿಕ್ ಕೊಳ್ಳಿ, ಮುಂದೆ ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದನ್ನು ಸೇರಿಸಿ. ಒಂದೇ ಸ್ಟಿಕ್ ಇದ್ದಷ್ಟು ದಿನ ಡ್ಯುಯಲ್ ಚಾನೆಲ್ ಲಾಭ ತಪ್ಪುತ್ತದೆ, ನಿಜ. ಆದರೆ 1440ಪಿಯಲ್ಲಿ ಹೆಚ್ಚಿನ ಹೊರೆ ಕಾರ್ಡಿನ ಮೇಲೇ ಬೀಳುವುದರಿಂದ ಬಹುಪಾಲು ಗೇಮ್‌ಗಳಲ್ಲಿ ಅಷ್ಟಾಗಿ ಕಾಡದು. 8 ಜಿಬಿಯ ಎರಡು ಕೊಂಡು, ಆಮೇಲೆ ಇನ್ನೆರಡು ಸೇರಿಸುವ ಯೋಚನೆ ಬೇಡ. ಎರಡು ಸ್ಟಿಕ್‌ಗೆ 5200 ವೇಗದ ಭರವಸೆ ಕೊಡುವ ಎಎಂಡಿ, ನಿಮ್ಮ ಪ್ರೊಸೆಸರಿನಲ್ಲಿ ನಾಲ್ಕಕ್ಕೆ ಕೊಡುವುದು 3600 ಮಾತ್ರ.

ಪ್ರಶ್ನೆ: 6000 ಎಂದು ಬರೆದಿರುವ ಡಿಡಿಆರ್5 ರ್ಯಾಮ್ ಹಾಕಿದೆ. ಟಾಸ್ಕ್ ಮ್ಯಾನೇಜರ್ 4800 ತೋರಿಸುತ್ತಿದೆ. ಮೋಸ ಹೋದೆನಾ?
– ಓದುಗರು, ಹಾಸನ

ಉತ್ತರ: ಇಲ್ಲ. ಬರೆದಿರುವ ಆ ವೇಗ ತಾನಾಗಿ ಬರುವುದಿಲ್ಲ, ನಾವೇ ಆನ್ ಮಾಡಬೇಕು. ಬಯೋಸ್‌ಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಆನ್ ಮಾಡಿ. ಆನ್ ಮಾಡಿದ ಮೇಲೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು. ಬೋರ್ಡ್ ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಬಿದ್ದು ಸ್ವಿಚ್ ಆಫ್ ಮಾಡಬೇಡಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಎರಡು ಸ್ಟಿಕ್‌ಗಳು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿವೆಯೇ ಎಂದೂ ನೋಡಿಕೊಳ್ಳಿ.

ಪ್ರಶ್ನೆ: ನನ್ನದು ಹಳೆಯ ಬಿ450 ಬೋರ್ಡ್, ರೈಜೆನ್ 5 5600. ಹೊಸ ಕಾರ್ಡ್ ಜೊತೆಗೆ ಡಿಡಿಆರ್5 ಕೂಡ ಹಾಕಬಹುದೇ? ನಮ್ಮೂರಲ್ಲಿ ಕರೆಂಟ್ ನೆಚ್ಚುವ ಹಾಗಿಲ್ಲ, 600 ವಿಎ ಯುಪಿಎಸ್ ಇದೆ.
– ಓದುಗರು, ಶಿರಸಿ

ಉತ್ತರ: ಡಿಡಿಆರ್5 ಸ್ಟಿಕ್‌ನ ಕಚ್ಚೇ ಬೇರೆ ಕಡೆ ಇರುತ್ತದೆ, ನಿಮ್ಮ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಡಿಡಿಆರ್4ರಲ್ಲೇ 3200 ವೇಗದ, ಸಿಎಲ್16ರ ಎರಡು ಸ್ಟಿಕ್ ಇದ್ದರೆ ಧಾರಾಳವಾಯಿತು.

ಕಾರ್ಡಿನ ವಿಷಯದಲ್ಲಿ ನಿಮಗೆ ಆರ್‌ಎಕ್ಸ್ 9060 ಎಕ್ಸ್‌ಟಿ, ಅದೂ 16 ಜಿಬಿಯದು ಹೊಂದುತ್ತದೆ. ನಿಮ್ಮ ಬೋರ್ಡಿನದು ಪಿಸಿಐ 3.0. ಈ ಕಾರ್ಡ್ ಹದಿನಾರೂ ಲೇನ್ ಬಳಸುವುದರಿಂದ ಹಳೆಯ ಸ್ಲಾಟಿನಲ್ಲೂ ಉಸಿರುಗಟ್ಟುವುದಿಲ್ಲ.

ಯುಪಿಎಸ್ ಮಾತ್ರ ಬದಲಿಸಲೇಬೇಕು. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಕಾರ್ಡ್ ಒಂದೇ 160 ವ್ಯಾಟಿನ ಆಸುಪಾಸು ಎಳೆಯುತ್ತದೆ, ಪ್ರೊಸೆಸರ್ 76ರವರೆಗೆ. ಅದರ ಮೇಲೆ ಮಾನಿಟರ್, ಫ್ಯಾನ್, ಬೋರ್ಡ್, ಎಸ್‌ಎಂಪಿಎಸ್‌ನಲ್ಲಿ ಪೋಲಾಗುವ ಪಾಲು. ಜೋರು ದೃಶ್ಯ ನಡೆಯುವಾಗ ಕರೆಂಟ್ ಹೋದರೆ ಯುಪಿಎಸ್ ಕೀಂಯ್ ಎಂದು ಕೂಗಿ ಮೆಷಿನ್ ಸಮೇತ ಆಫ್ ಆಗಬಹುದು. 600 ವ್ಯಾಟ್ ಕೊಡುವ 1000 ವಿಎ ಯುಪಿಎಸ್ ತನ್ನಿ. ಕೊಳ್ಳುವಾಗ ವಿಎ ಅಂಕಿ ನೋಡಿ ಸುಮ್ಮನಾಗದೆ, ಹಿಂಬದಿಯ ಸ್ಟಿಕ್ಕರಿನಲ್ಲಿ ಎಷ್ಟು ವ್ಯಾಟ್ ಎಂದಿದೆ ಓದಿ.